ನಮ್ಮೂರಿನ ಡುಪ್ಲಿಕೇಟ್ ಮಾರಿಯೋ

(ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೈಕ್ ಸ್ವಲ್ಪ ಆಚೆ ಇಡುತ್ತೇನೆ, ನನ್ನ ದನಿ ಮೊದಲೇ ಜೋರು. ದಿನವಿಡೀ ಅಂಗಡಿಯಲ್ಲಿ ನಾಲ್ಕು ಟಿವಿ ಒಟ್ಟಿಗೆ ಹಚ್ಚಿಟ್ಟುಕೊಂಡು ಗಿರಾಕಿಗಳ ಜೊತೆ ಮಾತಾಡುವವನು ನಾನು.

ಮೇಜಿನ ಮೇಲಿರುವ ಡಬ್ಬಿ ನೋಡಿ ಹಿಂದಿನ ಸಾಲಿನವರು ನಗುತ್ತಿದ್ದೀರಿ. ಅಂದರೆ ಗುರುತು ಸಿಕ್ಕಿದೆ. ನಲವತ್ತರ ಆಸುಪಾಸಿನವರಿಗೆ ಇದು ವಿಡಿಯೋ ಗೇಮ್, ಅಷ್ಟೇ. ಕನ್ಸೋಲ್ ಅನ್ನುವ ಪದ ಆಗ ನಮಗೆ ಗೊತ್ತಿರಲಿಲ್ಲ. ಕಾರ್ಟ್ರಿಡ್ಜ್‌ಗೆ ಕ್ಯಾಸೆಟ್ ಅನ್ನುತ್ತಿದ್ದೆವು, ಕೈಯಲ್ಲಿ ಹಿಡಿಯುವುದಕ್ಕೆ ರಿಮೋಟ್. ಇವತ್ತೂ ಅದೇ ಹೆಸರಲ್ಲೇ ಕರೆಯುತ್ತೇನೆ, ಕಾಲೇಜಿನ ಹುಡುಗರು ಬೇಜಾರಾಗಬೇಡಿ.

ಇದು ಹಳೇ ಬಾಗಲಕೋಟೆಯ ಡಬ್ಬಿ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಡಬೇಕಾದಾಗ ನಮ್ಮ ಓಣಿಯೂ ಮುಳುಗಡೆ ಪಟ್ಟಿಯಲ್ಲಿತ್ತು. ಅಪ್ಪ ಬಾಗಿಲು, ಕಿಟಕಿ, ತೊಲೆ ಎಲ್ಲ ಬಿಚ್ಚಿಸಿ ಟ್ರ್ಯಾಕ್ಟರಿಗೆ ಹೇರಿದರು. ಅದರಲ್ಲಿ ಒಂದು ತಗಡಿನ ಟ್ರಂಕು. ನವನಗರದ ಮನೆಯ ಅಟ್ಟ ಹತ್ತಿದ್ದು ಹದಿಮೂರು ವರ್ಷ ಕೆಳಗೆ ಇಳಿಯಲಿಲ್ಲ. ಇಳಿಸಿದಾಗ ಒಳಗೆ ಅವ್ವನ ಹಿತ್ತಾಳೆ ಕೊಳಗ, ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು, ಇದು, ಮತ್ತೆ ಸತ್ತ ಜಿರಳೆ ಎರಡು. ಹಚ್ಚಿ ನೋಡಿದೆ, ಏನೂ ಬರಲಿಲ್ಲ. ಟಿವಿ ರಿಪೇರಿಯವನ ಮನೆಯಲ್ಲೇ ವಿಡಿಯೋ ಗೇಮ್ ಕೆಟ್ಟು ಕೂತರೆ ಮರ್ಯಾದೆ ಪ್ರಶ್ನೆ ಅಲ್ವಾ? ಹುಚ್ಚು ಹತ್ತಿದ್ದು ಅಲ್ಲಿಂದ. ಈಗ ಇಂಥವು ನನ್ನ ಹತ್ತಿರ 31 ಇವೆ. ಇಳಕಲ್, ಗುಳೇದಗುಡ್ಡ, ಮುಧೋಳದ ಗುಜರಿ ಅಂಗಡಿಗಳಿಂದ, ಬನಶಂಕರಿ ಜಾತ್ರೆಯಲ್ಲಿ ಹಳೇ ಸಾಮಾನು ಗುಡ್ಡೆ ಹಾಕಿ ಮಾರುವವರಿಂದ ತಂದವು. ಮೂವತ್ತೆರಡನೆಯದಕ್ಕೆ ಜಾಗ ಇಲ್ಲ ಅಂತ ಮನೆಯಲ್ಲಿ ತೀರ್ಪಾಗಿದೆ.

ಈ 31ರಲ್ಲಿ ಅಸಲಿ ಎಷ್ಟು ಅಂತ ಕೇಳಿದರೆ, ಒಂದೂ ಇಲ್ಲ.

ಅಸಲಿ ಯಂತ್ರದ ಹೆಸರು ಫ್ಯಾಮಿಕಾಮ್. ನಿಂಟೆಂಡೊ ಅದನ್ನು ಜಪಾನಿನಲ್ಲಿ 1983ರ ಜುಲೈ 15ಕ್ಕೆ ಮಾರಾಟಕ್ಕೆ ಬಿಟ್ಟಿತು. ವಿನ್ಯಾಸದ ಮುಖ್ಯಸ್ಥರು ಮಸಾಯುಕಿ ಉಎಮುರಾ. ಒಳಗಿನ ಪ್ರೊಸೆಸರ್ 6502 ವಂಶದ್ದು, ಕೆಲಸಕ್ಕೆ ಇರುವ ಮೆಮೊರಿ ಬರೀ 2 ಕೆಬಿ. 1985ರ ಸೂಪರ್ ಮಾರಿಯೋ ಇಡೀ ಗೇಮ್ 40 ಕೆಬಿ. ನಿಮ್ಮ ವಾಟ್ಸಾಪ್‌ಗೆ ಬೆಳಗ್ಗೆ ಬರುವ ಗುಲಾಬಿ ಹೂವಿನ ಶುಭೋದಯ ಅದಕ್ಕಿಂತ ದೊಡ್ಡದಿರುತ್ತದೆ. ಇದೇ ಯಂತ್ರ ಬೇರೆ ವೇಷದಲ್ಲಿ ಅಮೆರಿಕಕ್ಕೆ ಹೋಗಿ ಎನ್‌ಇಎಸ್ ಆಯಿತು. ಅದರ ಕ್ಯಾಸೆಟ್‌ಗೆ 72 ಪಿನ್, ಜಪಾನಿನದಕ್ಕೆ 60. ನಮ್ಮಲ್ಲಿ ಬಂದವಕ್ಕೆ 60 ಪಿನ್, ಅಂದರೆ ನಮ್ಮವು ಜಪಾನಿನ ಕಡೆಯ ಸಂಬಂಧಿಕರು.

ಆದರೆ ಜಪಾನಿನ ಅಸಲಿ ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ನಮಗೆ ಬಂದದ್ದು ತೈವಾನಿನ ಯುಎಂಸಿ ಕಂಪನಿ ಮಾಡಿದಂಥ ಚಿಪ್ ಹಾಕಿದ ನಕಲುಗಳು. ಹಳೆಯ ನಕಲಿನಲ್ಲಿ ಎರಡು ದೊಡ್ಡ ಚಿಪ್ ಕಾಣುತ್ತವೆ. ಲೆಕ್ಕ ಮಾಡುವುದಕ್ಕೆ 6527, ಚಿತ್ರ ಬಿಡಿಸುವುದಕ್ಕೆ 6538. ಆಮೇಲಿನವುಗಳಲ್ಲಿ ಚಿಪ್ಪೇ ಕಾಣುವುದಿಲ್ಲ. ಬೋರ್ಡಿನ ನಡುವೆ ಒಂದು ಕರಿ ಬೊಟ್ಟು ಮಾತ್ರ, ಡಾಂಬರು ತೊಟ್ಟಿಕ್ಕಿದ ಹಾಗೆ. ಸಿಲಿಕಾನ್ ಚೂರನ್ನು ಬೋರ್ಡಿಗೇ ಅಂಟಿಸಿ, ಕೂದಲಿಗಿಂತ ಸಣ್ಣ ತಂತಿ ಜೋಡಿಸಿ, ಮೇಲೆ ಎಪಾಕ್ಸಿ ಸುರಿದಿರುತ್ತಾರೆ. ಅದು ಸತ್ತರೆ ಸತ್ತಿತು. ಬಿಚ್ಚಿ ನೋಡಲೂ ಬರುವುದಿಲ್ಲ.

ದೊಡ್ಡ ಸಂಗ್ರಹಕಾರರಿಗೆ ಈ ಕರಿ ಬೊಟ್ಟು ಕಂಡರೆ ಆಗದು. ‘ಅಯ್ಯೋ ಡುಪ್ಲಿಕೇಟಾ’ ಅಂತಾರೆ. ನಾನೂ ಮೊದಲು ಹಾಗೇ ಇದ್ದೆ, ದುಡ್ಡು ಕೂಡಿಸಿ ಒಂದು ಅಸಲಿ ತರಿಸಬೇಕು ಅಂತ. ಆ ಆಸೆ ಹೇಗೆ ಬಿಟ್ಟುಹೋಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ರಿಪೇರಿ. ನನಗೆ ಬರುವುದು ಅದೇ.

ಹಳೇ ವಿಡಿಯೋ ಗೇಮ್ ಸಿಕ್ಕಿತು ಅಂತ ಖುಷಿಯಲ್ಲಿ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ನಾನು ಚುಚ್ಚಿದ್ದೇನೆ. ಗೆಳೆಯನೊಬ್ಬ ನಂಬಿ ಕೊಟ್ಟ ಯಂತ್ರ. ಜಪಾನಿನ ಫ್ಯಾಮಿಕಾಮ್‌ಗೆ ಪ್ಲಗ್ಗಿನ ಒಳಗಿನ ತೂತು ಮೈನಸ್, ಹೊರಗಿನ ಉಂಗುರ ಪ್ಲಸ್. ಇವತ್ತಿನ ಬಹಳಷ್ಟು ಅಡಾಪ್ಟರ್ ಅದರ ಉಲ್ಟಾ. ನಕಲುಗಳಂತೂ ಅವರವರ ಇಷ್ಟ. ನಾನು ನೋಡದೇ ಹಾಕಿದೆ. ಸಣ್ಣಗೆ ‘ಟಿಕ್’ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ. ಆ ಗೆಳೆಯ ಈಗಲೂ ಮಾತಾಡುತ್ತಾನೆ, ಆದರೆ ಯಂತ್ರ ಕೊಡುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಡಬ್ಬಿ ಬಿಚ್ಚಿ, ಸಾಕೆಟ್ಟಿನ ಯಾವ ಕಾಲು ಗ್ರೌಂಡಿಗೆ ಹೋಗಿದೆ ಅಂತ ಮಲ್ಟಿಮೀಟರಿನಲ್ಲಿ ನೋಡಿ. ಅಡಾಪ್ಟರಿನ ವೋಲ್ಟೇಜೂ ಅಳೆಯಿರಿ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಮೇಲೆ 9 ಅಂತ ಬರೆದಿದ್ದರೂ ಲೋಡ್ ಇಲ್ಲದಾಗ 12, 13 ತೋರಿಸುತ್ತದೆ.

ಒಳಗೆ 7805 ಅಂತ ಮೂರು ಕಾಲಿನ ರೆಗ್ಯುಲೇಟರ್ ಇರುತ್ತದೆ. ಬಂದ 9 ವೋಲ್ಟನ್ನು 5ಕ್ಕೆ ಇಳಿಸುವುದು ಅದರ ಕೆಲಸ. ಉಳಿದ 4 ಎಲ್ಲಿಗೆ ಹೋಗುತ್ತದೆ? ಬಿಸಿಯಾಗಿ ಹೋಗುತ್ತದೆ. ಅದಕ್ಕೆ ಅಲ್ಯುಮಿನಿಯಂ ತಗಡು ಕೊಟ್ಟಿದ್ದರೆ ಪುಣ್ಯ. ಅಗ್ಗದ ನಕಲುಗಳಲ್ಲಿ ಅದೂ ಇರುವುದಿಲ್ಲ. ಎರಡು ತಾಸು ಆಡಿದ ಮೇಲೆ ಡಬ್ಬಿ ಬಿಸಿ ರೊಟ್ಟಿ ಹಾಗೆ ಆಗುತ್ತಿತ್ತಲ್ಲ, ‘ಸಾಕು, ಅದಕ್ಕೂ ಸುಸ್ತಾಗಿದೆ’ ಅಂತ ಅವ್ವ ಬಂದ್ ಮಾಡುತ್ತಿದ್ದಳಲ್ಲ, ಕಾರಣ ಇದೇ. ಸುಸ್ತಾಗಿದ್ದು ನಿಜ.

ಟ್ರಂಕಿನ ಯಂತ್ರದಲ್ಲಿ ಕೆಟ್ಟದ್ದು ಇಷ್ಟೇ. ಪವರ್ ಸಾಕೆಟ್ಟಿನ ಸುತ್ತ ಸೋಲ್ಡರಿನಲ್ಲಿ ಒಂದು ಸಣ್ಣ ಉಂಗುರದಂಥ ಬಿರುಕು. ವರ್ಷಗಟ್ಟಲೆ ಅಡಾಪ್ಟರ್ ಎಳೆದು, ಸಿಕ್ಕಿಸಿ ಆದದ್ದು. ಭೂತಗನ್ನಡಿ ಇಲ್ಲದಿದ್ದರೆ ಕಾಣುವುದೇ ಇಲ್ಲ. ಹಳೇ ಸೋಲ್ಡರ್ ತೆಗೆದು, ಫ್ಲಕ್ಸ್ ಹಚ್ಚಿ, ಹೊಸದು ಹಾಕಿದೆ. ಕೆಂಪು ಲೈಟ್ ಹತ್ತಿತು. ಹದಿಮೂರು ವರ್ಷದ ಮೌನಕ್ಕೆ ಒಂದು ಕಾಳಿನಷ್ಟು ಸೋಲ್ಡರ್.

ರಿಮೋಟಿನ ಕಥೆ ಇನ್ನೂ ಮಜವಾಗಿದೆ. ಗುಂಡಿಗಳು ಎಂಟು. ವಯರಿನಲ್ಲಿ ಬೇಕಾಗುವ ಎಳೆ ಐದೇ. ಎರಡು ಕರೆಂಟಿಗೆ, ಉಳಿದದ್ದು ಮೂರು. ಮೂರು ಎಳೆಯಲ್ಲಿ ಎಂಟು ಗುಂಡಿಯ ಸುದ್ದಿ ಹೇಗೆ ಹೋಗುತ್ತದೆ? ಶಾಲೆಯ ಹಾಜರಿ ನೆನಪಿಸಿಕೊಳ್ಳಿ. ಒಂದು ಎಳೆ ‘ಹಾಜರಿ ಶುರು’ ಅನ್ನುತ್ತದೆ. ಇನ್ನೊಂದು ‘ಮುಂದಿನವರು, ಮುಂದಿನವರು’ ಅಂತ ಕೂಗುತ್ತಾ ಹೋಗುತ್ತದೆ. ಮೂರನೆಯದರಲ್ಲಿ ಉತ್ತರ ಬರುತ್ತದೆ, ಒತ್ತಿದ್ದಾರೆ, ಒತ್ತಿಲ್ಲ. ಕ್ರಮವೂ ಯಾವತ್ತೂ ಅದೇ. ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಹೆಚ್ಚಿನ ಗೇಮ್‌ಗಳು ಒಂದೊಂದು ಫ್ರೇಮಿಗೂ, ಅಂದರೆ ಪರದೆ ಒಂದೊಂದು ಸಲ ಬಿಡಿಸಿದಾಗಲೂ, ಒಮ್ಮೆ ಈ ಹಾಜರಿ ಹಿಡಿಯುತ್ತವೆ.

ಇಳಕಲ್‌ನಿಂದ ತಂದ ಒಂದು ಯಂತ್ರಕ್ಕೆ ವಿಚಿತ್ರ ರೋಗ. ಏಳು ಗುಂಡಿ ಸತ್ತಿದ್ದವು. ಎ ಒತ್ತಿದರೆ ಮಾತ್ರ ಮಾರಿಯೋ ಜಿಗಿಯುವುದು, ಗೇಮ್ ನಿಲ್ಲುವುದು ಎಲ್ಲ ಒಟ್ಟಿಗೇ. ಮೂರು ದಿನ ಗುಂಡಿಯ ಕೆಳಗಿನ ರಬ್ಬರ್ ಒರೆಸಿದೆ, ಕಾರ್ಬನ್ ಒರೆಸಿದೆ. ಸುಮ್ನೆ ಟೈಮ್ ಹಾಳು. ಕೊನೆಗೆ ಚಹಾ ಕುಡಿಯುವಾಗ ಹೊಳೆಯಿತು. ‘ಮುಂದಿನವರು’ ಅನ್ನುವ ಎಳೆ ತುಂಡಾಗಿದೆ! ಮಾಸ್ತರ ಬಾಯಿ ಮೊದಲ ಹೆಸರಿಗೇ ಕಟ್ಟಿದೆ. ಎಂಟು ಸಲವೂ ಎ ಒಬ್ಬನೇ ಉತ್ತರ ಕೊಡುತ್ತಿದ್ದಾನೆ. ಪ್ಲಗ್ಗಿನ ಬುಡದಲ್ಲಿ ಎರಡು ಇಂಚು ವಯರ್ ಕತ್ತರಿಸಿ ಮತ್ತೆ ಜೋಡಿಸಿದೆ, ಮುಗಿಯಿತು. ಲಾಟರಿ ಹೊಡೆದಿದ್ದರೂ ನನಗೆ ಅಷ್ಟು ಖುಷಿ ಆಗುತ್ತಿರಲಿಲ್ಲ.

ಕ್ಯಾಸೆಟ್ ಊದುವ ವಿಚಾರ. ಎಲ್ಲರೂ ಊದಿದ್ದೇವೆ. ಊದಿದಾಗ ಬಂದದ್ದೂ ನಿಜ. ಆದರೆ ಅದನ್ನು ತೆಗೆದು ಮತ್ತೆ ಹಾಕಿದ್ದರಿಂದ ಪಿನ್ ಸರಿಯಾಗಿ ಕೂತು ಬಂದದ್ದು. ಉಸಿರಿನ ತೇವ ತಾಮ್ರಕ್ಕೆ ಕೆಟ್ಟದ್ದು, ಹಸಿರು ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಬಾಗಲಕೋಟೆಯ ಬಿಸಿಲಿಗೆ ನಮ್ಮ ಕ್ಯಾಸೆಟ್‌ಗಳಿಗೆ ಧೂಳಿನ ಕಾಟ ಜಾಸ್ತಿ, ಕಿಲುಬು ಕಡಿಮೆ. ಬೆಳಗಾವಿ ಮಳೆಯಲ್ಲಿ ಇಟ್ಟವರ ಕ್ಯಾಸೆಟ್ ಬಂದರೆ ನಾನು ಮೊದಲು ಕಿಲುಬನ್ನೇ ಹುಡುಕುತ್ತೇನೆ.

ಈಗ ಅಸಲಿ ಆಸೆ ಬಿಟ್ಟುಹೋದ ಕಥೆ.

ಒಂದು ದಿನ ಮಗಳು ಫೋನಿನಲ್ಲಿ ಮಾರಿಯೋ ಹಾಡು ಹಾಕಿದಳು, ಜಪಾನಿನ ಯಂತ್ರದಿಂದ ರೆಕಾರ್ಡ್ ಮಾಡಿದ್ದು. ನನಗೆ ಅದು ತಪ್ಪು ಅನ್ನಿಸಿತು. ಯಾರೋ ಬೆನ್ನಟ್ಟಿಕೊಂಡು ಬಂದ ಹಾಗೆ ಓಡುತ್ತಿದೆ. ಟ್ರಂಕಿನ ಯಂತ್ರ ಹಚ್ಚಿ ಪಕ್ಕಕ್ಕೇ ಕೇಳಿಸಿದೆ. ನಮ್ಮದು ನಿಧಾನ. ಕೆಪಾಸಿಟರ್ ಹೋಗಿದೆಯಾ ಅಂದುಕೊಂಡೆ. ಇನ್ನೊಂದು ಯಂತ್ರ ಹಚ್ಚಿದೆ, ಮತ್ತೊಂದು ಹಚ್ಚಿದೆ. ಎಲ್ಲವೂ ನಿಧಾನ.

ಆಮೇಲೆ ತಲೆ ಓಡಿತು, ನಾನು ಟಿವಿಯವನು ತಾನೇ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಪರದೆ ಬಿಡಿಸುತ್ತದೆ. ನಮ್ಮದು ಪಾಲ್ ಪದ್ಧತಿ, 50 ಸಲ. ಈ ಹಳೇ ಗೇಮ್‌ಗಳಿಗೆ ಬೇರೆ ಗಡಿಯಾರ ಇಲ್ಲ. ಪರದೆ ಒಂದು ಸಲ ಬಿಡಿಸಿದರೆ ಒಂದು ಹೆಜ್ಜೆ, ಅದೇ ಲೆಕ್ಕ. ಹಾಡಿಗೂ ಅದೇ ಲೆಕ್ಕ. ಯುರೋಪಿಗೆ ಕೊಟ್ಟ ಮಾರಿಯೋದಲ್ಲಿ ನಿಂಟೆಂಡೊ ಈ ವ್ಯತ್ಯಾಸ ಸರಿ ಮಾಡಿತ್ತು. ನಮ್ಮ ಕ್ಯಾಸೆಟ್ ಮಾಡಿದವರು ಜಪಾನಿನದನ್ನೇ ಹಾಗೇ ನಕಲು ಹೊಡೆದು ಕಳಿಸಿದರು. ಹೀಗಾಗಿ ನಮ್ಮ ಮಾರಿಯೋ ಆರನೇ ಒಂದು ಭಾಗ ನಿಧಾನ. ಮೊದಲ ಲೆವೆಲ್‌ನಲ್ಲಿ ಮೇಲೆ 400 ಅಂತ ಟೈಮ್ ಇರುತ್ತದಲ್ಲ, ಅದರ ಒಂದೊಂದು ಅಂಕಿ ಇಳಿಯುವುದು 24 ಫ್ರೇಮಿಗೊಮ್ಮೆ. ಜಪಾನಿನ ಹುಡುಗನಿಗೆ ಆ 400 ಸುಮಾರು 160 ಸೆಕೆಂಡಿಗೆ ಮುಗಿಯುತ್ತದೆ. ಬಾಗಲಕೋಟೆಯ ಹುಡುಗನಿಗೆ 192.

ಮೂವತ್ತೆರಡು ಸೆಕೆಂಡ್ ಹೆಚ್ಚು! ಲೋಕದ ದೃಷ್ಟಿಯಲ್ಲಿ ಅದು ದೋಷ. ನನಗೆ ಮಾತ್ರ ನಾನು ಕಲಿತ ಮಾರಿಯೋ ಅದೇ. ಯಾವ ಕ್ಷಣಕ್ಕೆ ಜಿಗಿಯಬೇಕು ಅಂತ ಹೆಬ್ಬೆರಳಿಗೆ ಗೊತ್ತಿರುವುದು ಆ ವೇಗದಲ್ಲೇ. ಜಪಾನಿನಿಂದ ಅಸಲಿ ತರಿಸಿದ್ದರೆ ನನ್ನ ಕೈಗೆ ಯಾರದೋ ಬಾಲ್ಯ ಬರುತ್ತಿತ್ತು. ಡುಪ್ಲಿಕೇಟೇ ನಮ್ಮ ಅಸಲಿ ಅಂತ ನಾನು ಹೇಳುವುದು ಇದಕ್ಕೆ.

ಹಾಗಾಗಿ ಮಾಡಿಫೈ ಮಾಡುವಾಗ ನನ್ನ ಗೆರೆ ಎಲ್ಲಿದೆ ಅಂತ ಹೇಳಿಬಿಡುತ್ತೇನೆ. ಚಿತ್ರ ಸುಧಾರಿಸುತ್ತೇನೆ. ಹಳೇ ಯಂತ್ರದಲ್ಲಿ ಒಳ್ಳೆಯ ವಿಡಿಯೋ ಸಿಗ್ನಲ್ಲನ್ನು ಒಂದು ತಗಡಿನ ಪೆಟ್ಟಿಗೆಗೆ ಕೊಟ್ಟು, ಚಾನೆಲ್ ಆಗಿ ಮಾಡಿ, ಆಂಟೆನಾ ವಯರಿನಲ್ಲಿ ಟಿವಿಗೆ ಕಳಿಸುತ್ತಾರೆ. ಟಿವಿ ಅದನ್ನು ಮತ್ತೆ ಬಿಚ್ಚಿಕೊಳ್ಳುತ್ತದೆ. ಟ್ಯೂನ್ ಮಾಡಿ ಮಾಡಿ ನಮ್ಮ ಬೆರಳು ಸವೆದದ್ದು ಅದಕ್ಕೇ. ಆ ಪೆಟ್ಟಿಗೆಗೆ ಹೋಗುವ ಮೊದಲೇ ಸಿಗ್ನಲ್ ಹಿಡಿದು, ಒಂದು ಟ್ರಾನ್ಸಿಸ್ಟರ್, ಎರಡು ಮೂರು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಎವಿ ಸಾಕೆಟ್ಟಿಗೆ ಕೊಟ್ಟರೆ ಚಿತ್ರ ತಿಳಿಯಾಗುತ್ತದೆ. ಟ್ರಾನ್ಸಿಸ್ಟರ್ ಬೇಕೇ ಬೇಕು. ಚಿಪ್ಪಿನ ಸಿಗ್ನಲ್ಲಿಗೆ ಟಿವಿಯ 75 ಓಮ್ ಭಾರ ಎಳೆಯುವ ಶಕ್ತಿ ಇಲ್ಲ. ಸಾಕೆಟ್ಟನ್ನು ಹಳೇ ಆಂಟೆನಾ ತೂತಿನಲ್ಲೇ ಕೂರಿಸುತ್ತೇನೆ. ಡಬ್ಬಿಗೆ ಹೊಸ ತೂತು ಕೊರೆಯುವುದಿಲ್ಲ. ಬೋರ್ಡ್ ಕಿತ್ತೆಸೆದು ಒಳಗೆ ಹೊಸ ಕಂಪ್ಯೂಟರ್ ಇಡುವವರೂ ಇದ್ದಾರೆ, ಅವರ ಇಷ್ಟ. ಹಳದಿಯಾದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವುದನ್ನು ಒಮ್ಮೆ ಮಾಡಿದೆ. ಪಟ್ಟೆಪಟ್ಟೆಯಾಗಿ ಹುಲಿ ಹಾಗಾಯಿತು. ಮತ್ತೆ ಮಾಡಲಿಲ್ಲ.

ಗುಳೇದಗುಡ್ಡದಲ್ಲಿ ಇದೇ ಮಾತಾಡಿದಾಗ ಖಣ ನೇಯುವ ಹಿರಿಯರೊಬ್ಬರು ಎದ್ದು ನಿಂತರು. ‘ನಕಲೇ ಅಸಲಿ ಅಂತೀಯಲ್ಲ, ಪವರ್‌ಲೂಮಿನ ನಕಲು ಬಂದು ನಮ್ಮ ಕೈಮಗ್ಗ ಏನಾಯಿತು ಗೊತ್ತಾ?’ ಅಂದರು. ನನಗೆ ಬೆವರಿತು. ಮಾರಿಯೋ ಮಾಡಿದವರಿಗೆ ನಮ್ಮ ಕ್ಯಾಸೆಟ್‌ನಿಂದ ಒಂದು ಪೈಸೆ ಹೋಗಿಲ್ಲ, ಅದು ಕಳ್ಳ ಮಾಲು, ಅದನ್ನು ಮುಚ್ಚಿಡಲಾರೆ. ಅವರು ಕೇಳಿದ್ದು ನ್ಯಾಯವೇ. ಅವತ್ತು ಉತ್ತರ ಕೊಡಲಿಲ್ಲ, ಇವತ್ತೂ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ.

ಟೈಮ್ ಆಯಿತು ಅಂತ ಸನ್ನೆ ಬರುತ್ತಿದೆ. ಒಂದೇ ಮಾತು. ಇಷ್ಟು ದಪ್ಪ ಟಿವಿಯನ್ನು ಆಟೋದಲ್ಲಿ ಹೇರಿಕೊಂಡು ಯಾಕೆ ಬಂದೆ ಅಂತ ಕೇಳಿದಿರಲ್ಲ, ಬಾತುಕೋಳಿ ಹೊಡೆಯುವ ಗೇಮಿನ ಬಂದೂಕಿಗೋಸ್ಕರ. ಬಂದೂಕಿನಿಂದ ಏನೂ ಹೊರಗೆ ಬರುವುದಿಲ್ಲ, ಅದು ಬರೀ ಕಣ್ಣು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಕಪ್ಪಿನ ಬೆನ್ನಿಗೇ ಬೆಳಕು ಕಂಡರೆ ಗುರಿ ಸರಿ. ಹೊಸ ಟಿವಿ ಚಿತ್ರವನ್ನು ಒಳಗೆ ಇಟ್ಟುಕೊಂಡು, ತಿದ್ದಿ ತೀಡಿ, ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕು ನೋಡುವುದನ್ನು ನಿಲ್ಲಿಸಿರುತ್ತದೆ. ಹಾಗಾಗಿ ಟ್ಯೂಬ್ ಟಿವಿಯೇ ಬೇಕು.

ಹಾಲಿನ ಲೈಟ್ ಸ್ವಲ್ಪ ಆರಿಸಿ. ಚಿಕ್ಕ ಮಕ್ಕಳು ಮುಂದೆ ಬರಲಿ, ದೊಡ್ಡವರು ಹಿಂದೆ ಸಾಲಾಗಿ ನಿಲ್ಲಿ. ಬಂದೂಕು ಒಂದೇ ಇದೆ, ಒಬ್ಬರಿಗೆ ಒಂದು ರೌಂಡ್. ವಯರ್ ಮಾತ್ರ ಎಳೀಬೇಡಿ, ಹೋದ ವಾರವಷ್ಟೇ ಜೋಡಿಸಿದ್ದೇನೆ.