ಎಫ್‌ಎಪಿ: ದೊಡ್ಡ ಕರುಳು ತೆಗೆಯುವಾಗ ಗುದನಾಳ ಉಳಿಸಬಹುದೇ?

[ಪರದೆ: ದೊಡ್ಡ ಕರುಳಿನ ಒಳಗೋಡೆ, ತುಂಬ ಪಾಲಿಪ್‌ಗಳು]

ನಮಸ್ಕಾರ. ಎಫ್‌ಎಪಿ (ಫ್ಯಾಮಿಲಿಯಲ್ ಅಡಿನೋಮ್ಯಾಟಸ್ ಪಾಲಿಪೋಸಿಸ್) ಎಂಬ ವಂಶವಾಹಿ ಕಾಯಿಲೆ ಇರುವವರ ದೊಡ್ಡ ಕರುಳಿನಲ್ಲಿ ನೂರಾರು, ಕೆಲವರಲ್ಲಿ ಸಾವಿರಾರು ಪಾಲಿಪ್, ಅಂದರೆ ಒಳಗೋಡೆಯ ಮೇಲಿನ ಸಣ್ಣ ಗಂಟುಗಳು, ಬೆಳೆಯುತ್ತವೆ. 5ನೇ ಕ್ರೋಮೋಸೋಮಿನ ಎಪಿಸಿ ಜೀನ್ ಕೆಟ್ಟಿರುವುದು ಇದಕ್ಕೆ ಕಾರಣ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಹಾಗೇ ಬಿಟ್ಟರೆ 40ರ ಆಸುಪಾಸಿಗೆ ಬಹುತೇಕ ಎಲ್ಲರಿಗೂ ಕ್ಯಾನ್ಸರ್. ಇಷ್ಟೊಂದು ಪಾಲಿಪ್‌ಗಳನ್ನು ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ನೋಡುವಾಗ) ಒಂದೊಂದಾಗಿ ಕಿತ್ತು ಮುಗಿಸಲು ಆಗುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆರಂಭದಲ್ಲೋ ದೊಡ್ಡ ಕರುಳನ್ನೇ ತೆಗೆಯುತ್ತಾರೆ. ನಿಜವಾಗಿ ಯೋಚಿಸಬೇಕಾದದ್ದು ಗುದನಾಳದ ಬಗ್ಗೆ.

ಗುದನಾಳದಲ್ಲಿ ಪಾಲಿಪ್ 20ಕ್ಕಿಂತ ಕಡಿಮೆಯಿದ್ದು, ದೊಡ್ಡವು ಯಾವುವೂ ಇಲ್ಲದಿದ್ದರೆ ಅದನ್ನು ಉಳಿಸಿ, ಸಣ್ಣ ಕರುಳಿನ ತುದಿಯನ್ನು ಅಲ್ಲಿಗೇ ಜೋಡಿಸಬಹುದು. ದಿನಕ್ಕೆ 3–4 ಸಲ ಮಲವಿಸರ್ಜನೆ. ಸೊಂಟದ ಆಳಕ್ಕೆ ಕೈಹಾಕದ ಕಾರಣ ಹೆಣ್ಣುಮಕ್ಕಳು ಗರ್ಭ ಧರಿಸಲು ಅಷ್ಟು ತೊಂದರೆಯಾಗುವುದಿಲ್ಲ. ಮದುವೆ, ಮಕ್ಕಳು ಇನ್ನೂ ಮುಂದಿರುವ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ. ಆಪರೇಷನ್ನಿಗೆ ಮೊದಲೇ ಸರ್ಜನ್ ಹತ್ತಿರ ಬಾಯಿಬಿಟ್ಟು ಕೇಳಿ. ಆದರೆ ಉಳಿದ ಗುದನಾಳದಲ್ಲೂ ಕ್ಯಾನ್ಸರ್ ಬರಬಹುದು. 6ರಿಂದ 12 ತಿಂಗಳಿಗೊಮ್ಮೆ ಸ್ಕೋಪ್, ಅಂದರೆ ಕ್ಯಾಮೆರಾ ಕೊಳವೆಯ ಪರೀಕ್ಷೆ, ಮಾಡಿಸಲೇಬೇಕು. ಅದನ್ನು ತಪ್ಪಿಸುವವರಿಗೆ ಈ ದಾರಿ ಬೇಡ.

[ಪರದೆ: ಜೆ ಆಕಾರದ ಪೌಚ್]

ಗುದನಾಳ ತುಂಬ ಪಾಲಿಪ್ ಇದ್ದರೆ ಅದನ್ನೂ ತೆಗೆದು ಪೌಚ್ ಮಾಡುತ್ತಾರೆ. ಸಣ್ಣ ಕರುಳಿನ ಕೊನೆಯ 30–40 ಸೆಂ.ಮೀ. ಭಾಗವನ್ನು ಮಡಚಿ, ನಡುಗೋಡೆಯನ್ನು ಸ್ಟೇಪ್ಲರಿನಿಂದ ಸೀಳಿ ಜೋಡಿಸಿದರೆ 15–20 ಸೆಂ.ಮೀ. ಉದ್ದದ ಚೀಲ. ಅದನ್ನು ಗುದದ್ವಾರದವರೆಗೆ ಇಳಿಸುವುದೇ ಕಷ್ಟದ ಕೆಲಸ. ಕರುಳಿಗೆ ರಕ್ತ ತರುವ ನಾಳಗಳು ಬಿಗಿದರೆ ಹೊಲಿಗೆಗೆ ರಕ್ತ ಸಾಲದೆ ಸೋರುತ್ತದೆ. ಸೋರಿದರೂ ಸೊಂಟದಲ್ಲಿ ಕೀವು ತುಂಬದಿರಲೆಂದು ಹೊಟ್ಟೆಯ ಮೇಲೆ ತಾತ್ಕಾಲಿಕ ಸ್ಟೋಮಾ, ಅಂದರೆ ಮಲ ಹೊರಬರುವ ಬಾಯಿ, ಇಡುತ್ತಾರೆ. 8–12 ವಾರಗಳ ನಂತರ, ಜೋಡಣೆ ಗಟ್ಟಿಯಾಗಿದೆಯೆಂದು ಪರೀಕ್ಷಿಸಿ ಅದನ್ನು ಮುಚ್ಚುತ್ತಾರೆ. ಆಮೇಲೆ ದಿನಕ್ಕೆ 4–6 ಸಲ ಹೋಗಬೇಕಾಗುತ್ತದೆ.

ಸ್ಟೇಪ್ಲರಿನಿಂದ ಜೋಡಿಸಿದಾಗ ಗುದನಾಳದ ಒಳಪದರ 1–2 ಸೆಂ.ಮೀ. ಉಳಿದೇ ಉಳಿಯುತ್ತದೆ. ಅಲ್ಲೂ, ಪೌಚಿನ ಒಳಗೂ ಪಾಲಿಪ್ ಬರುತ್ತದೆ. ಆದ್ದರಿಂದ ಪೌಚ್ ಆದವರೂ ವರ್ಷಕ್ಕೊಮ್ಮೆ ಸ್ಕೋಪ್ ಮಾಡಿಸಬೇಕು.

ಇನ್ನೊಂದು ಅಪಾಯ ಡೆಸ್ಮಾಯ್ಡ್ ಗೆಡ್ಡೆ. ಇದು ಬೇರೆ ಅಂಗಗಳಿಗೆ ಹರಡದು, ಆದರೆ ಆಪರೇಷನ್ ಆದ ಜಾಗದಲ್ಲಿ ಬೆಳೆದು ಕರುಳನ್ನೂ ಮೂತ್ರನಾಳವನ್ನೂ ಅದುಮುತ್ತದೆ. ಮನೆಯಲ್ಲಿ ಯಾರಿಗಾದರೂ ಡೆಸ್ಮಾಯ್ಡ್ ಆಗಿದ್ದರೆ ಸರ್ಜನ್‌ಗೆ ಮೊದಲೇ ತಿಳಿಸಿ. ಪಾಲಿಪ್ ಕಡಿಮೆಯಿದ್ದರೆ ಆಪರೇಷನ್ ಮುಂದೂಡುವುದೂ ಉಂಟು.

ಡುಯೋಡಿನಮ್‌ನಲ್ಲೂ, ಅಂದರೆ ಸಣ್ಣ ಕರುಳಿನ ಮೊದಲ ಭಾಗದಲ್ಲೂ, ಪಾಲಿಪ್ ಬೆಳೆಯುತ್ತವೆ. 20–25ರ ವಯಸ್ಸಿನಿಂದ ಪಕ್ಕಕ್ಕೆ ನೋಡುವ ಎಂಡೋಸ್ಕೋಪಿನಲ್ಲಿ ಅದನ್ನು ಪರೀಕ್ಷಿಸಬೇಕು. ಎದುರಿಗೆ ನೋಡುವ ಸ್ಕೋಪಿಗೆ ಪಿತ್ತನಾಳ ತೆರೆಯುವ ಜಾಗ ಸರಿಯಾಗಿ ಕಾಣದೆ ಹೋಗಬಹುದು, ಪಾಲಿಪ್ ಹೆಚ್ಚು ಬೆಳೆಯುವುದು ಅಲ್ಲೇ.