ಭೂತಕ್ಕೆ ಎಂತ ಕೊಡ್ತಾರೆ?

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಮಳೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಮುಂದಿನ ಜಗಲಿಗೆ ತಗಡಿನ ಶೀಟು. ಸದ್ದಿಲ್ಲದೆ ರೆಕಾರ್ಡ್ ಮಾಡಬೇಕು ಅಂದರೆ ದೀಪಾವಳಿವರೆಗೆ ಕಾಯಬೇಕಾಗುತ್ತದೆ. ಸ್ವಲ್ಪ ಹೊಂದಿಕೊಳ್ಳಿ.

"ನಾನೂ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ, ನಾನೇ ಅಚ್ಚು ಹಾಕಿಸಬೇಕು ಅಂತಿದ್ದೇನೆ, ಏನು ಮಾಡಲಿ?" ಎಂದು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ನನ್ನದು ಬಂದಿರುವುದೇ ಒಂದು ಪುಸ್ತಕ. ಒಂದೇ ಪುಸ್ತಕ ಮಾಡಿದವಳ ಮಾತನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ.

ನನ್ನ ಮೊದಲ ಕರಡಿನಲ್ಲಿ ಏಳು ರಾಜ್ಯಗಳಿದ್ದವು. ಒಂದು ಕತ್ತಿ ಇತ್ತು. ಹಿಮ ಮುಚ್ಚಿದ ಬೆಟ್ಟ ಇತ್ತು. ನಾನು ಮಂಜುಗಡ್ಡೆ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರ ಪಕ್ಕದಲ್ಲಿ ಕೂತು ನಾನು ಹಿಮಪಾತ ವರ್ಣಿಸುತ್ತಿದ್ದೆ. ಊರಿನ ವಾಸನೆ ಇರಲಿ ಎಂದು ಮೂರನೇ ಅಧ್ಯಾಯದಲ್ಲಿ ಒಂದು ಭೂತವನ್ನೂ ತಂದಿದ್ದೆ. ಭೂತ ಅಂದರೆ ದೆವ್ವ ಅಲ್ಲ, ನಮ್ಮ ಕಡೆ ಊರು ಕಾಯುವ ದೈವ. ನಾಯಕಿ ಕಷ್ಟದಲ್ಲಿದ್ದಾಗಲೆಲ್ಲ ಅದು ಬಂದು ಕಾಪಾಡಿ ಹೋಗುತ್ತಿತ್ತು.

ಅಡಿಕೆ ಸುಲಿಯುವ ಕಾಲ ಅದು. ರಾತ್ರಿ ಎಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ದೊಡ್ಡಮ್ಮನಿಗೆ ಕಣ್ಣು ಅಷ್ಟು ಸರಿ ಇಲ್ಲ, ಓದಿ ಹೇಳು ಅಂದರು. ಓದಿದೆ. ಅವರ ಕೈ ನಿಲ್ಲಲಿಲ್ಲ, ಅಡಿಕೆ ಬುಟ್ಟಿಗೆ ಬೀಳುತ್ತಲೇ ಇತ್ತು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಅದಕ್ಕೆ ಎಂತ ಕೊಡ್ತಾರೆ ಮಾರಾಯ್ತಿ?"

"ಯಾವುದಕ್ಕೆ?"

"ನಿನ್ನ ಭೂತಕ್ಕೆ. ಮೂರು ಸಲ ಬಂತಲ್ಲ. ಒಂದು ಕಾಯಿ ಆದ್ರೂ ಇಟ್ರಾ?"

ಇಟ್ಟಿರಲಿಲ್ಲ. ಕಾಯಿ ಹೋಗಲಿ, ಯಾರೂ ಅದಕ್ಕೆ ಕೈ ಕೂಡ ಮುಗಿದಿರಲಿಲ್ಲ.

ಫ್ಯಾಂಟಸಿ ಬರೆಯುವವರು ಇದನ್ನು ಮ್ಯಾಜಿಕ್ ಸಿಸ್ಟಮ್ ಅನ್ನುತ್ತಾರೆ. ಮಾಯೆಗೆ ನಿಯಮ ಬೇಕು, ಬೆಲೆ ಬೇಕು ಅಂತ. ಅದರ ಮೇಲೆ ಗಂಟೆಗಟ್ಟಲೆ ವಿಡಿಯೊ ನೋಡಿದ್ದೆ, ನೋಟ್ಸ್ ಕೂಡ ಮಾಡಿದ್ದೆ. ತಲೆಗೆ ಹೋಗಿರಲಿಲ್ಲ. ನಮ್ಮ ಕಡೆಯ ಭೂತ, ಚೌಡಿ, ಜಟಿಗ ಎಲ್ಲ ಲೆಕ್ಕದವರು. ಇಂಥ ಹಳ್ಳದಿಂದ ಇಂಥ ಮರದವರೆಗೆ ಎಂದು ಗಡಿ ಇರುತ್ತದೆ. ವರ್ಷಕ್ಕೊಮ್ಮೆ ಪೂಜೆ ಆಗಬೇಕು. ಕಾಡಿಗೆ ಹೋದ ದನ ಬರದಿದ್ದರೆ ಒಂದು ಕಾಯಿ ಹರಕೆ ಹೇಳಿಕೊಳ್ಳುತ್ತಾರೆ. ದನ ಬಂತೋ, ಕಾಯಿ ಒಡೆಯಲೇಬೇಕು. ಮರೆತದ್ದಕ್ಕೇ ಎಮ್ಮೆ ಹಾಲು ಬತ್ತಿತು ಎಂದು ಲೆಕ್ಕ ಹಾಕುವವರು ಈಗಲೂ ಇದ್ದಾರೆ.

ಮಲೆನಾಡಿನಲ್ಲಿ ಕೂತು ಫ್ಯಾಂಟಸಿ ಬರೆಯುವವರ ತಾಪತ್ರಯವೇ ಇದು. ನಾವು ಕಲ್ಪನೆ ಅಂತ ಬರೆದದ್ದು ಓದುವವರ ಮನೆ ಬೇಲಿಯಾಚೆ ಇರುತ್ತದೆ. ಅವರು ಬೆರಗಾಗುವುದಿಲ್ಲ, ತಪ್ಪು ಹುಡುಕುತ್ತಾರೆ. "ನಮ್ಮ ಜಾನಪದ ಬಳಸಿ, ಸಾಕು" ಎನ್ನುವ ಸಲಹೆ ನನಗೆ ಅದಕ್ಕೇ ಒಪ್ಪಿಗೆ ಇಲ್ಲ. ಡ್ರ್ಯಾಗನ್ ತೆಗೆದು ಆ ಜಾಗದಲ್ಲಿ ಪಂಜುರ್ಲಿ ಕೂರಿಸಿದರೆ ಹೆಸರು ಬದಲಾಯಿತು, ಅಷ್ಟೇ. ಈಗಂತೂ ಸಿನಿಮಾ ನೋಡಿಕೊಂಡು ಬಂದು ಎಲ್ಲರೂ ಭೂತ ಬರೆಯುತ್ತಿದ್ದಾರೆ. ಅದರ ಕಾಯಿಯ ಲೆಕ್ಕ ಕಥೆಯೊಳಗೆ ಬರಲಿಲ್ಲ ಅಂದರೆ ಅದು ಪುಕ್ಕಟೆ ಪೊಲೀಸು, ಅಲ್ವಾ?

ಏಳು ರಾಜ್ಯ ಎತ್ತಿ ಎಸೆದೆ. ಶರಾವತಿಯ ಕಡೆ ಹೋದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಊರು, ಗದ್ದೆ, ತೋಟ ಮುಳುಗಿದ್ದು ನಿಮಗೆ ಗೊತ್ತೇ ಇದೆ. ಅವುಗಳ ಜೊತೆ 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಅದು ಎದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ನಾನೇ ಕಟ್ಟಿ ಬರೆದಿದ್ದರೆ "ಸ್ವಲ್ಪ ಅತಿಯಾಯ್ತು" ಅನ್ನುತ್ತಿದ್ದರು.

ನನ್ನ ಕಥೆಯಲ್ಲಿ ಊರು ಬಿಡುವ ದಿನ ಜನ ದೇವರನ್ನು ಲಾರಿಯಲ್ಲಿ ಕೊಂಡುಹೋಗುತ್ತಾರೆ. ಗಡಿಯ ಭೂತನ ಕಲ್ಲು ಮಾತ್ರ ಅಲ್ಲೇ ಉಳಿಯುತ್ತದೆ. ಗಡಿಯೇ ನೀರಿನಡಿ ಹೋದ ಮೇಲೆ ಅದನ್ನು ಎಲ್ಲಿಗೆ ಅಂತ ಒಯ್ಯುವುದು? ಅರವತ್ತು ವರ್ಷದ ಕಾಯಿ ಬಾಕಿ. ಒಂದು ಬೇಸಿಗೆ ನೀರು ಇಳಿಯುತ್ತದೆ. ಭೂತ ಎದ್ದು ಲೆಕ್ಕ ಕೇಳಲು ಊರು ಬಿಟ್ಟವರ ಮೊಮ್ಮಗಳ ಮನೆಗೆ ಬರುತ್ತದೆ. ದೊಡ್ಡಮ್ಮನ ಪ್ರಶ್ನೆಯಿಂದ ಹುಟ್ಟಿದ್ದು ಇಷ್ಟೇ. ಉಳಿದದ್ದು ಎರಡು ವರ್ಷದ ಕೂಲಿ.

ಅದರಲ್ಲಿ ಜಾಸ್ತಿ ಕಷ್ಟ ಕೊಟ್ಟದ್ದು ಭೂತದ ಮಾತು. ಮೊದಮೊದಲು ಅದು "ಎಲೈ ಮಾನವಳೇ" ಎನ್ನುತ್ತಿತ್ತು. ಡಬ್ಬಿಂಗ್ ಧಾರಾವಾಹಿಯ ಕನ್ನಡ. ಮಾನವಳೇ ಅನ್ನುವ ಶಬ್ದ ಯಾರ ಬಾಯಲ್ಲಾದರೂ ಕೇಳಿದ್ದೀರಾ? ದರ್ಶನದಲ್ಲಿ, ಅಂದರೆ ಭೂತ ಮೈಮೇಲೆ ಬಂದಾಗ, ಪಾತ್ರಿ ಮಾತಾಡುವುದನ್ನು ನೆನಪು ಮಾಡಿಕೊಳ್ಳಿ. ಬೈಗುಳ ಇರುತ್ತದೆ, ಹಠ ಇರುತ್ತದೆ, "ಹೋದ ವರ್ಷ ಎಂತ ಹೇಳಿದ್ದಿ, ಎಂತ ಮಾಡಿದ್ದಿ" ಎನ್ನುವ ವಿಚಾರಣೆ ಇರುತ್ತದೆ. ಹಳೇ ಸಾಲಗಾರನ ಹತ್ತಿರ ಮಾತಾಡಿದ ಹಾಗೆ. ಆ ದನಿ ಸಿಕ್ಕಿದ ಮೇಲೆ ಭೂತ ಬರುವ ಪುಟಗಳೆಲ್ಲ ಬೇಗ ಬೇಗ ಬಂದವು.

ಮೊದಲ ಮೂವತ್ತು ಪುಟ ಆ ಲೋಕದ ಇತಿಹಾಸ ಹೇಳುತ್ತೀರಾದರೆ ಒಮ್ಮೆ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ, ರಂಗಕ್ಕೆ ಬರುವುದನ್ನು ನೋಡಿ ಬನ್ನಿ. ತೆರೆಯ ಹಿಂದೆ ಕಿರೀಟದ ತುದಿ, ಒಂದು ಆರ್ಭಟ, ಆಮೇಲೆ ಕಣ್ಣು. ವಂಶಾವಳಿ ಯಾರೂ ಕೇಳುವುದಿಲ್ಲ.

ಇನ್ನು ಅಚ್ಚಿನ ವಿಷಯ. ಇಬ್ಬರು ಪ್ರಕಾಶಕರು ಉತ್ತರ ಕೊಡಲಿಲ್ಲ. ಮೂರನೆಯವರು ಪ್ರಕಟಿಸುತ್ತೇವೆ, ಖರ್ಚು ನಿಮ್ಮದು, ಹಕ್ಕು ನಮ್ಮದು ಅಂದರು. ಅಲ್ಲೂ ದೊಡ್ಡಮ್ಮನ ಪ್ರಶ್ನೆಯೇ ನೆನಪಾಯಿತು. ಇವರಿಗೆ ಎಂತ ಕೊಡಬೇಕು, ಇವರು ಎಂತ ಮಾಡಿಕೊಡ್ತಾರೆ? ಐಎಸ್‌ಬಿಎನ್ ಮಾಡಿಸಿಕೊಡುತ್ತೇವೆ ಎಂದು ಅದಕ್ಕೂ ದುಡ್ಡು ಹೇಳಿದರು. ಪುಸ್ತಕದ ಗುರುತಿಗೆ ಹಾಕುವ ಆ ಹದಿಮೂರು ಅಂಕಿಯ ನಂಬರು ನಮ್ಮ ದೇಶದಲ್ಲಿ ಪುಕ್ಕಟೆ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಬರಹಗಾರರಿಗೂ ಕೊಡುತ್ತಾರೆ. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೆ. ನಾವು ಕೊಡಬೇಕಾದದ್ದೂ ಒಂದಿದೆ. 1954ರ ಕಾಯ್ದೆ ಪ್ರಕಾರ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ನಮ್ಮ ಖರ್ಚಿನಲ್ಲೇ ಒಂದೊಂದು ಪ್ರತಿ ಕಳಿಸಬೇಕು. ಅದನ್ನು ಸರ್ಕಾರದ ಕಾಯಿ ಅಂದುಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ನೋಡಿ. ವಯಸ್ಸಿನ ಮಿತಿ ಇದೆ, ನನ್ನದು ದಾಟಿತ್ತು.

ಮುನ್ನುಡಿಗೆ ಅಂತ ಒಬ್ಬ ಹಿರಿಯರ ಹಿಂದೆ ನಾಲ್ಕು ತಿಂಗಳು ಓಡಾಡಿದೆ. ಬರಲಿಲ್ಲ. ಒಳ್ಳೆಯದೇ ಆಯಿತು. ಭೂತ ಬರುವ ಮೊದಲು ಹನ್ನೆರಡು ಪುಟ ಹೊಗಳಿಕೆ ಯಾಕೆ?

ಈಗ ಫಾಂಟಿನ ಕಥೆ. ನಾನು ಬರೆದದ್ದು ಫೋನಿನಲ್ಲಿ, ಯೂನಿಕೋಡ್‌ನಲ್ಲಿ. ಶಿವಮೊಗ್ಗದಲ್ಲಿ ಡಿಟಿಪಿ, ಅಂದರೆ ಅಚ್ಚಿಗೆ ಪುಟ ಜೋಡಿಸಿ, ಮಾಡಿಕೊಟ್ಟವರ ಕಂಪ್ಯೂಟರಿನಲ್ಲಿ ಇದ್ದದ್ದು ಹಳೇ ಫಾಂಟು. ಪರಿವರ್ತನೆ ಮಾಡಿದಾಗ ಸೂರ್ಯ, ಕಾರ್ಯ, ಧೈರ್ಯ ಎಲ್ಲ ಮುರಿದು ಬಿದ್ದವು. ಉದ್ಧರಣ ಚಿಹ್ನೆ ಇದ್ದ ಕಡೆಯಲ್ಲೆಲ್ಲ ಸಂಬಂಧವಿಲ್ಲದ ಅಕ್ಷರ ಕೂತಿತ್ತು. ಕರಡು ತಿದ್ದಲು ಮೂರು ವಾರ ಹಿಡಿಯಿತು. ಅದು ಅವರ ಫಾಂಟಿನ ತಪ್ಪು. ಇನ್ನೊಂದು ಪೂರ್ತಿ ನನ್ನದೇ. ಕೊನೇ ಗಳಿಗೆಯಲ್ಲಿ ಭೂತದ ಹೆಸರು ರಾಯ ಬೇಡ, ಜಟಿಗ ಇರಲಿ ಅನಿಸಿತು. ಇಡೀ ಕಡತದಲ್ಲಿ ಒಂದೇ ಸಲ ಹುಡುಕಿ ಬದಲಾಯಿಸುವ ಬಟನ್ ಒತ್ತಿದೆ. ನಮ್ಮ ಕಡೆಯ ಕಾದಂಬರಿಯಲ್ಲಿ ಎಷ್ಟು ಸಲ "ಮಾರಾಯ" ಬರುತ್ತದೆ ಅಂತ ನಿಮಗೆ ಗೊತ್ತಲ್ಲ. ಅಷ್ಟೂ "ಮಾಜಟಿಗ" ಆಯಿತು. ಅವನ್ನು ಹುಡುಕಿ ಸರಿ ಮಾಡಿದೆ. ಅಭಿಪ್ರಾಯದ ಹೊಟ್ಟೆಯೊಳಗೂ ಒಂದು ರಾಯ ಇದೆ ಅಂತ ಹೊಳೆಯಲೇ ಇಲ್ಲ. ಪುಟ 112 ತೆಗೆದು ನೋಡಿ, ವಕೀಲರು "ನನ್ನ ಅಭಿಪ್ಜಟಿಗ ಏನೆಂದರೆ" ಎಂದು ಶುರು ಮಾಡುತ್ತಾರೆ.

ಅದಕ್ಕೇ ಹೇಳುವುದು, ಮೊದಲ ಸಲ ಕಡಿಮೆ ಅಚ್ಚು ಹಾಕಿಸಿ. ಪ್ರೆಸ್ಸಿನವರು "ಸಾವಿರ ಹಾಕಿಸಿ ಮೇಡಂ, ಒಂದಕ್ಕೆ ಬೀಳುವುದು ಕಡಿಮೆ ಆಗುತ್ತೆ" ಅಂದೇ ಅನ್ನುತ್ತಾರೆ. ಸುಳ್ಳಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದರೆ ಆ ಸಾವಿರವನ್ನು ಇಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ, ಅವರ ಮನೆಯಲ್ಲಿ ಅಲ್ಲ. ನಾನು ಮುನ್ನೂರು ಹಾಕಿಸಿದೆ. ಡೆಮಿ 1/8 ಅಳತೆ, 240 ಪುಟ. ಹದಿನಾರು ಪುಟಕ್ಕೆ ಒಂದು ಫಾರಂ, ಸರಿಯಾಗಿ ಹದಿನೈದು ಫಾರಂ ಆಗಬೇಕು ಎಂದು ಕೊನೆಯ ಅಧ್ಯಾಯದಲ್ಲಿ ಆರು ಪುಟ ಕತ್ತರಿಸಿದೆ. ಸಂಪಾದಕರು ಇಲ್ಲದವರಿಗೆ ಫಾರಂ ಒಳ್ಳೆಯ ಸಂಪಾದಕ. ಈಗ ಹಾಕಿಸಿದರೆ ಡಿಜಿಟಲ್ ಪ್ರಿಂಟಿನಲ್ಲಿ ನೂರೇ ಹಾಕಿಸುತ್ತೇನೆ. ಒಂದಕ್ಕೆ ಜಾಸ್ತಿ ಬೀಳಲಿ.

ಇನ್ನೊಂದು, ಜೂನ್‌ನಲ್ಲಿ ಮಾತ್ರ ತರಿಸಬೇಡಿ. ನಾನು ತರಿಸಿದೆ. ಒಂದು ಕಡೆ ಮಾತ್ರ ಲ್ಯಾಮಿನೇಶನ್ ಇರುವ ರಕ್ಷಾಪುಟ ನಮ್ಮ ಶೀತಕ್ಕೆ ಹಪ್ಪಳದ ಹಾಗೆ ಸುರುಳಿ ಸುತ್ತಿತು. ಎರಡು ವಾರಕ್ಕೆ ಅಡಿಯಲ್ಲಿದ್ದ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ದೊಡ್ಡಮ್ಮ ನೋಡಿ, ಒಂದು ಮಾತೂ ಆಡದೆ, ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಬಿತ್ತನೆ ಬೀಜ, ವಾಟೆಹುಳಿ, ಪಕ್ಕದಲ್ಲಿ ನನ್ನ ಕಾದಂಬರಿ. ಅಂಚೆಯಲ್ಲಿ ತರಿಸಿಕೊಂಡು ಓದಿದ ಇಬ್ಬರು ಬರೆದಿದ್ದಾರೆ, ಕಥೆ ಚೆನ್ನಾಗಿದೆ, ಆದರೆ ಪುಸ್ತಕ ಯಾಕೆ ಹೊಗೆ ವಾಸನೆ ಹೊಡೆಯುತ್ತೆ ಅಂತ. ಇನ್ನೂ 74 ಪ್ರತಿ ಅಟ್ಟದಲ್ಲೇ ಇವೆ.