ಇಳಿವಯಸ್ಸಿನ ಖಿನ್ನತೆ: ಮಾತ್ರೆಗೆ 8 ವಾರ ಕೊಡಿ

ಕೇಳುಗರಿಗೆ ನಮಸ್ಕಾರ. ಪಡಸಾಲೆಯಲ್ಲಿ ಕುಳಿತ ಹಿರಿಯರಿಗೂ ಅವರ ಮಾತ್ರೆ ಡಬ್ಬಿ ನೋಡಿಕೊಳ್ಳುವ ಮಕ್ಕಳು, ಸೊಸೆಯರಿಗೂ ನಾನಿಂದು ಹೇಳಬೇಕಾದದ್ದು ಒಂದೇ ಮಾತು: ಅರವತ್ತು ದಾಟಿದವರಿಗೆ ಖಿನ್ನತೆಯ ಮಾತ್ರೆ ಹಿಡಿಸಿತೋ ಇಲ್ಲವೋ ಎಂಬುದನ್ನು ಹತ್ತು ದಿನಕ್ಕೆ ತೀರ್ಮಾನಿಸಬೇಡಿ, 6ರಿಂದ 8 ವಾರ ಕಾಯಿರಿ.

ಮಾನ್ವಿ ಕಡೆಯ, 72 ವರ್ಷದ ರೈತರೊಬ್ಬರನ್ನು ಅವರ ಸೊಸೆ ನನ್ನಲ್ಲಿಗೆ ಕರೆತಂದಿದ್ದರು. ದಿನವೂ ಅಗಸಿ ಕಟ್ಟೆಗೆ ಹೋಗುತ್ತಿದ್ದ ಆ ಹಿರಿಯರು ಮೂರು ತಿಂಗಳಿಂದ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದರು. ನಸುಕಿನ ಮೂರಕ್ಕೇ ಎಚ್ಚರಾಗುತ್ತಿತ್ತು, ಅರ್ಧ ರೊಟ್ಟಿಯೂ ಸೇರುತ್ತಿರಲಿಲ್ಲ. ಸಣ್ಣ ಪ್ರಮಾಣದಲ್ಲಿ ಮಾತ್ರೆ ಬರೆದುಕೊಟ್ಟೆ. 12ನೆಯ ದಿನ ಬಂದವರೇ ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟು, “ಹೊಟ್ಟಿ ತೊಳಸೂದೊಂದ ಬಂತ್ರಿ ಸಾಹೇಬ್ರ, ಗುಣ ಏನೂ ಕಾಣವಲ್ದು” ಎಂದರು. ಮಾತ್ರೆಯಿಂದ ಚೇತರಿಸಿಕೊಳ್ಳಲಿರುವವರ ಮಿದುಳಿನ ಚಟುವಟಿಕೆ ಮೊದಲ ಕೆಲವು ದಿನಗಳಲ್ಲೇ ಬದಲಾಗತೊಡಗುವುದನ್ನು ವಿಜ್ಞಾನಿಗಳು ಎಂ.ಆರ್.ಐ. ಯಂತ್ರದಲ್ಲಿ ಕಂಡಿದ್ದಾರೆ, ಮನಸ್ಸಿಗೆ ಅದು ತಿಳಿಯಲು ವಾರಗಳೇ ಬೇಕು ಎಂದು ನಾನು ವಿವರಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದು, “ಅಂದ್ರ ನಮ್ಮ ಕೆನಾಲ್ ಇದ್ದಂಗ. ಡ್ಯಾಮಿನಾಗ ಗೇಟ್ ಎತ್ತಿದ್ದು ಪೇಪರಿನಾಗ ಬರ್ತದ, ಟೇಲ್ ಎಂಡಿಗೆ ನೀರು ಬರಾಕ ತಡ. ಒಮ್ಮೊಮ್ಮೆ ಬರೂದೇ ಇಲ್ಲ” ಎಂದರು. ಇಷ್ಟು ಚೆನ್ನಾಗಿ ನಾನು ತರಗತಿಯಲ್ಲಿಯೂ ಪಾಠ ಹೇಳಿಲ್ಲ. ಮಾತ್ರೆ ಮುಂದುವರಿಯಿತು. ಏಳನೆಯ ವಾರ ಸೊಸೆ ಫೋನ್ ಮಾಡಿ, ಮಾವನವರು ಸಾರಿಗೆ ಉಪ್ಪು ಕಡಿಮೆಯೆಂದು ಬೈದರೆಂದು ನಗುತ್ತಾ ಹೇಳಿದರು.

ನೀರು ಬಾರದ ಕಾಲುವೆಗೂ ಕಾರಣವಿದೆ. ವರ್ಷಗಟ್ಟಲೆ ಬಿ.ಪಿ., ಸಕ್ಕರೆ ಹತೋಟಿಯಲ್ಲಿರದಿದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟು, ಹಣೆಯ ಹಿಂದಿನ ಭಾಗಕ್ಕೂ ಒಳಗಿನ ಭಾಗಗಳಿಗೂ ಇರುವ ಸಂಪರ್ಕ ಸಡಿಲಾಗುತ್ತದೆ. ಅಂಥವರಲ್ಲಿ ಮಾತ್ರೆಯ ಫಲ ಕಡಿಮೆ. ಆಗ ಔಷಧ ಬದಲಿಸುವುದು ವೈದ್ಯರ ಕೆಲಸ, ದಯವಿಟ್ಟು ಪಕ್ಕದ ಮನೆಯವರದ್ದಲ್ಲ.

ಸಮಯ ಮುಗಿಯುತ್ತಿದೆ. ಆರಂಭದ ವಾರಗಳಲ್ಲಿ ಹಿರಿಯರು ಗಲಿಬಿಲಿಗೊಂಡರೆ, ತಲೆ ತಿರುಗಿ ತೂರಾಡಿದರೆ, ಮಾತ್ರೆಯಿಂದ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿರಬಹುದು; ಕೂಡಲೇ ವೈದ್ಯರಿಗೆ ತೋರಿಸಿ ಅದರ ಪರೀಕ್ಷೆ ಮಾಡಿಸಿ. ಉಳಿದ ಸಣ್ಣಪುಟ್ಟ ತೊಂದರೆಗೆ ಅಂಜಿ 8 ವಾರಕ್ಕೆ ಮೊದಲೇ ನೀವಾಗಿ ನಿಲ್ಲಿಸಬೇಡಿ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ, ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ರಾತ್ರಿ ವೇಳೆ ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.